ಬಿಟ್ಟಿ ಬೀಗ

ಗ್ರಿಮ್ಸ್‌ಬಿಯ ಬಸ್ ನಿಲ್ದಾಣದೆದುರು ಒಂದು ಕೆಫೆ.
ಗಾಜಿಗೆ ಅಂಟಿಸಿದ ಚೀಟಿ: ವೈಫೈ ಎಲ್ಲರಿಗೂ ಉಚಿತ,
ಶೌಚಾಲಯ ಗಿರಾಕಿಗಳಿಗೆ ಮಾತ್ರ.
ರಾತ್ರಿ ಪಾಳಿ ಮುಗಿಸಿ ಬಂದವಳು ನಾನು,
ಕೈಗಿನ್ನೂ ಸ್ಯಾನಿಟೈಸರಿನ ವಾಸನೆ,
ಹೊರಗೆ ಗಾಳಿಗೆ ಮೀನಿನದು.

ತಂಗಿಯ ಫೀಜಿಗೆ ಇವತ್ತೇ ಕಡೇ ದಿನ.
ಫೋನಿನಲ್ಲಿ ಡೇಟಾ ಮುಗಿದು ಮೂರು ದಿನ.
ಬ್ಯಾಂಕಿನ ಆ್ಯಪ್ ತೆರೆಯಲು ಹೋದ ಬೆರಳು
ಅಲ್ಲೇ ನಿಂತಿತು.
ಮೂಲೆಯಲ್ಲಿ ಹುಡುಗನೊಬ್ಬ ಲ್ಯಾಪ್‌ಟಾಪಿಗೆ ಬಾಗಿದ್ದಾನೆ.
ಪಾಪ, ಹೋಂವರ್ಕೇ ಇರಬಹುದು.
ಇರಬಹುದು.

"ವಿಪಿಎನ್ ಹಾಕ್ಕೋ" ಅಂದಿದ್ದಳು ಇಫೆಯೋಮಾ
ಮೊನ್ನೆ ಹೊದಿಕೆ ಮಡಿಸುತ್ತ,
"ದುಡ್ಡಿಲ್ಲ ಕಾಸಿಲ್ಲ, ಹಸಿರು ಗುರಾಣಿಯದು.
ಒತ್ತಿದರೆ ಸುರಂಗ. ಒಳಗೆ ನೀನು ಯಾರಿಗೂ ಕಾಣಲ್ಲ."
ಇಳಿಸಿಕೊಂಡೆ. ಪುಕ್ಕಟೆ ಸಿಕ್ಕರೆ
ನನಗೂ ಇರಲಿ, ನಮ್ಮಪ್ಪನಿಗೂ ಇರಲಿ.
ಗುರಾಣಿ ಕೇಳಿತು: ನೀನಿರುವ ಜಾಗ ನೋಡಲೇ?
ನಿನ್ನ ಫೋಟೋ? ನಿನ್ನ ಬಳಗದವರ ನಂಬರು?
ಸುರಂಗ ತೋಡುವವನಿಗೆ
ನಮ್ಮ ಸೋದರತ್ತೆಯ ನಂಬರು ಯಾತಕ್ಕೆ?

ಕೆಫೆಯವನಿಗೆ ಕಾಣದು, ಮೂಲೆಯ ಹುಡುಗನಿಗೂ ಕಾಣದು, ಸರಿ.
ಆದರೆ ಸುರಂಗದ ಆಚೆ ಬಾಯಲ್ಲಿ
ಒಬ್ಬ ಕೂತಿರುತ್ತಾನಲ್ಲ, ಕಂದೀಲು ಹಿಡಿದು,
ಬಂದುಹೋಗುವವರ ಮುಖಕ್ಕೆ ಬೆಳಕು ಬಿಡುತ್ತ,
ಅವನದು ಯಾವೂರು?
ತಿಂಗಳ ಕೊನೆಗೆ ಅವನ ಮನೆಗೆ ಅಕ್ಕಿ ಎಲ್ಲಿಂದ?

ನಾನು ನೋಡಿಕೊಳ್ಳುವ ಆಡ್ರಿ ಪಾಕ್ಲಿಂಗ್ಟನ್ ಅವರಿಗೆ ಎಂಬತ್ತೊಂಬತ್ತು.
ಒಂದು ಕಾಲಕ್ಕೆ ಇದೇ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ತಂತಿ ಎಳೆದು ತೂತಿಗೆ ಚುಚ್ಚುವ ಕೆಲಸ.
ರಾತ್ರಿ ಎರಡಕ್ಕೆ ನಿದ್ದೆ ಹಾರಿ ಎದ್ದು ಕೂತಿದ್ದರು.
ಕೇಳಿದೆ: ಮಂದಿ ಮಾತು ನಿಮಗೆ ಕೇಳಿಸುತ್ತಿತ್ತೇ?
"ಕೇಳಕೂಡದು ಅಂತ ಸಹಿ ಹಾಕಿಸಿಕೊಂಡಿದ್ದರು."
ಚಹಾ ಒಂದು ಗುಟುಕು.
"ಎಲ್ಲ ಕೇಳುತ್ತಿದ್ದೆವು."
ಟ್ರಾಲರು ಮುಳುಗಿದ ಸುದ್ದಿ
ಹೆಂಡತಿಗಿಂತ ಮೊದಲು ಇವರ ಕಿವಿಗೆ.
ಯಾವ ಮೀನು ದಲ್ಲಾಳಿ ಬುಧವಾರ ಮಧ್ಯಾಹ್ನ
ಯಾರ ಮನೆಗೆ ಫೋನು ಮಾಡಿ ಸುಮ್ಮನೆ ಉಸಿರಾಡುತ್ತಾನೆ, ಅದೂ.
"ಯಾರಿಗೂ ಹೇಳಲಿಲ್ಲವೇ?"
"ಹೇಳಿದ್ದರೆ ಕೆಲಸ ಹೋಗುತ್ತಿತ್ತು, ಮಗಳೇ.
ಶುಕ್ರವಾರ ಲಕೋಟೆಯಲ್ಲಿ ಸಂಬಳ.
ಬಾಯಿ ಮುಚ್ಚಿಕೊಂಡಿದ್ದಕ್ಕೂ ಸೇರಿಸಿಯೇ ಕೊಡುತ್ತಿದ್ದರು."

ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ
ಅಂಚೆಯ ಇಮಾಮ್‌ಸಾಬರು ಅಜ್ಜಿಗೆ ಕಾಗದ ಓದಿ ಹೇಳುವರು,
ಕೆಟ್ಟ ಸಾಲು ಬಂದಾಗ ಕೆಮ್ಮಿ, ಅದನ್ನು ದಾಟಿಸಿ.
ಅಜ್ಜಿಗೆ ಕೆಮ್ಮಿನ ಅರ್ಥ ಗೊತ್ತಿತ್ತು.
ಗುಟ್ಟು ಊರು ದಾಟಬೇಕಾದರೆ
ನಡುವೆ ಒಂದು ಕೈ ಇದ್ದೇ ಇರುತ್ತದೆ.
ಆ ಕೈಯೇ ಬೇಡ ಅನ್ನುವವಳಲ್ಲ ನಾನು.
ಅದಕ್ಕೆ ಕೂಳು ಹಾಕುವವರು ಯಾರೆಂದು ಕೇಳುತ್ತಿದ್ದೇನೆ.
ಬೇಲಿ ಎದ್ದು ಹೊಲ ಮೇಯ್ದದ್ದು ಹಳೆಯ ಮಾತು.
ಈ ಬೇಲಿಗೆ ಹೊಲವೇ ಸಂಬಳ.

ಗುರಾಣಿಯನ್ನು ಅಳಿಸಿದೆ. ಅಳಿಸುವಾಗಲೂ ಕೇಳಿತು,
ಖಂಡಿತವೇ? ನೀನೀಗ ಅಪಾಯದಲ್ಲಿರುವೆ.
ಪಕ್ಕದ ಅಂಗಡಿಯಲ್ಲಿ ಹತ್ತು ಪೌಂಡಿನ ಟಾಪ್‌ಅಪ್,
ಹೆಚ್ಚುಕಡಿಮೆ ಐವತ್ತು ನಿಮಿಷ
ಯಾರದೋ ಬೆನ್ನು ಒರೆಸಿದ ದುಡ್ಡು.
ಚಳಿಯಲ್ಲಿ ನಿಂತೇ ತಂಗಿಗೆ ಕಳಿಸಿದೆ.
ದುಡ್ಡು ಕೊಟ್ಟ ಮಾತ್ರಕ್ಕೆ ನಂಬಬಹುದೇ?
ಅದೂ ಗೊತ್ತಿಲ್ಲ. ಬಸ್ಸು ಬಂತು.

ಒಂದು ಮಾತು ಉಳಿಯಿತು.
ಬೆಳಗಿನ ಐದಕ್ಕೆ, ದಿಂಬು ಸರಿಪಡಿಸುವಾಗ,
ಆಡ್ರಿ ನನ್ನ ಕಿವಿಗೆ ಬಾಗಿ
ಅರವತ್ತೈದು ವರ್ಷ ಹಲ್ಲುಕಚ್ಚಿ ಹಿಡಿದಿದ್ದ
ಆ ಬುಧವಾರದ ಮನೆಯವಳ ಹೆಸರು ಹೇಳಿಬಿಟ್ಟರು.
ಹೇಳಿ, ತಮ್ಮ ತುಟಿಗಲ್ಲ,
ನನ್ನ ತುಟಿಗೆ ಬೆರಳಿಟ್ಟರು.

ಇದಕ್ಕೆ ನನಗೆ ಸಂಬಳವಿಲ್ಲ. ಸಹಿಯೂ ಇಲ್ಲ.
ಹೆಸರು ಹೇಳುವುದಿಲ್ಲ.
ಬಿಟ್ಟಿಯಾಗಿಯೇ ಇಟ್ಟುಕೊಂಡಿದ್ದೇನೆ.