ಪೊರೆ

ಹೆಸರು ಬಂಗಾರಮ್ಮ, ಮುಟ್ಟುವುದೆಲ್ಲ ಗಾಜು.
ಹನ್ನೆರಡು ವರ್ಷವಾಯಿತು, ಶಿವಮೊಗ್ಗದ ಪಶುವೈದ್ಯ ಕಾಲೇಜಿನಲ್ಲಿ
ಫ್ಲಾಸ್ಕು ತೊಳೆದು, ಹಬೆಗೆ ಕೊಟ್ಟು, ಒಣಗಿಸಿ ಜೋಡಿಸುತ್ತೇನೆ.
ಆಯನೂರಿನ ಏಳೂವರೆ ಬಸ್ಸು ತಪ್ಪಿದರೆ
ಅವತ್ತು ವಿಜ್ಞಾನವೂ ಅರ್ಧ ಗಂಟೆ ತಡ.

ತಸ್ನೀಮ್ ಮೇಡಂ ಕುದಿಸುತ್ತಿರಲಿಲ್ಲ, ಬರೀ ಕಾಯಿಸುತ್ತಿದ್ದರು.
"ಮೂವತ್ತೈದರಲ್ಲಿ ಸುಮ್ಮನೆ ಮಲಗಿರುತ್ತೆ.
ನಲವತ್ತೆರಡಕ್ಕೆ ಏರಿಸಿದರೆ
ಒಳಗಿರುವ ಒಂದು ಜೀನು ಎದ್ದು ಗೋಡೆಗೆ ಕನ್ನ ಕೊರೆಯುತ್ತೆ."
ಕಳ್ಳ ಒಳಗೇ ಇದ್ದ ಹಾಗಾಯಿತಲ್ಲ, ಅಂದೆ.
"ನಾವೇ ಇಟ್ಟ ಕಳ್ಳ."

ಆ ತೂತಿನಿಂದ ಹೊರಬಿತ್ತಂತೆ
ಸಾರ, ಸತ್ವ, ಒಂದು ಎರಡಾಗುವ ಗುಟ್ಟು.
ಬ್ಯಾಕ್ಟೀರಿಯದ ಚಹರೆ ಹಾಗೇ ಇದೆ,
ಮೈಮೇಲಿನ ಕೂದಲೂ ಕೊಂಕಿಲ್ಲ,
ಒಳಗೆ ಯಾರೂ ಇಲ್ಲ.
ಇಂಗ್ಲಿಷಿನಲ್ಲಿ ಇದನ್ನು ದೆವ್ವ ಅನ್ನುತ್ತಾರಂತೆ.

ನನಗೆ ದೆವ್ವ ನೆನಪಾಗಲಿಲ್ಲ.
ಕುಂಸಿ ಸ್ಟೇಷನ್ನಿನ ಹಿಂದೆ ಗ್ಯಾಂಗ್‌ಮನ್ ಕ್ವಾರ್ಟರ್ಸು,
ಟ್ರಂಕಿನ ಸಂದಿಯಲ್ಲಿ ಅವ್ವನ ಕೈಗೆ ಸಿಕ್ಕ ಹಾವಿನ ಪೊರೆ.
ಹುರುಪೆ ಹುರುಪೆಯೂ ಎಣಿಸಬಹುದು,
ಕಣ್ಣಿನ ಜಾಗದಲ್ಲಿ ಗಾಜಿನಂಥ ಎರಡು ಬಿಲ್ಲೆ.
ಅವ್ವ ಕೂಗಿದ ಕೂಗಿಗೆ ಇಡೀ ಲೈನು ಎದ್ದಿತು.
ಪಾಯಿಂಟ್ಸ್‌ಮನ್ ಪೀಟರಣ್ಣ ಸಿಗ್ನಲ್ ಲಾಂದ್ರವನ್ನೇ ತಂದ.
ಬರೀ ಚರ್ಮ ಕಣೇ, ಅಂದರು ಅಪ್ಪ. ಯಾರೂ ಮಲಗಲಿಲ್ಲ.

ಮೂರು ಗಂಟೆಗೆ ಅದು ಬಂತು, ನಿಜವಾದದ್ದು,
ಕೋಳಿ ಬುಟ್ಟಿಯ ಕಡೆಗೆ.
ಬೇರೆ ದಿನವಾಗಿದ್ದರೆ ಯಾರು ನೋಡುತ್ತಿದ್ದರು?
ಅವತ್ತು ಮಕ್ಕಳೂ ಬೆರಳು ಮಾಡಿ ತೋರಿಸಿದವು.
ಪೀಟರಣ್ಣ ಚೀಲಕ್ಕೆ ಹಾಕಿ ಹಳಿಯಾಚೆ ಬಿಟ್ಟು ಬಂದ.
ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಇದನ್ನು ಹೇಳಿದೆ. ಮೇಡಂ ಪೆನ್ನು ಕೆಳಗಿಟ್ಟರು.
"ಅಷ್ಟೇ ಬಂಗಾರಮ್ಮ. ಗಳಲೆ ಬೇನೆಯ ಲಸಿಕೆ ಒಂದೇ ಹೋದರೆ
ಮೈ ಹೂಂಗುಟ್ಟಿ ಮಗ್ಗುಲು ಬದಲಿಸುತ್ತೆ.
ಜೊತೆಗೆ ಪೊರೆ ಹೋದರೆ ಲಾಂದ್ರ ಹಚ್ಚುತ್ತೆ."
ತುಂಬಿದ ಕೊಡ ತುಳುಕುವುದಿಲ್ಲ ಸರಿ,
ಊರು ಎಬ್ಬಿಸಲು ಖಾಲಿ ಕೊಡವೇ ಬೇಕು.

ಮೊದಲ ಸಲ ತಟ್ಟೆಯಲ್ಲಿ ಮೂರು ಚುಕ್ಕೆ ಬೆಳೆದವು,
ಸಾಸಿವೆಗಿಂತ ಚಿಕ್ಕವು.
ಯಾರೋ ಮೂವರು ಖಾಲಿಯಾಗದೆ ಉಳಿದಿದ್ದರು.
ಅಷ್ಟು ಕೋಟಿಯಲ್ಲಿ ಮೂರು ತಾನೇ, ಅಂದೆ.
ಮೇಡಂ ಮಾತಾಡದೆ ಅಷ್ಟನ್ನೂ ಚೆಲ್ಲಿದರು.
ಆ ವಾರ ನಾನು ತೊಳೆದ ಫ್ಲಾಸ್ಕು ಲೆಕ್ಕವಿಲ್ಲ.

ನಾಲ್ಕನೆಯ ಸಲ ಬೆಳಗ್ಗೆ ತಟ್ಟೆ ತೆಗೆದರೆ
ಏನೂ ಇಲ್ಲ.
ಸಂಜೆ ನೋಡಿದರೂ ಏನೂ ಇಲ್ಲ.
ನಮ್ಮ ಕಡೆ ಖಾಲಿ ತಟ್ಟೆ ನೋಡಿ ಅತ್ತವರುಂಟು.
ನಕ್ಕವರನ್ನು ನಾನು ಕಂಡದ್ದು ಅವತ್ತೇ.

ಆಮೇಲೆ ಇಲಿಗಳು. ಆಮೇಲೆ ಅವುಗಳ ರಕ್ತದ ತಿಳಿ,
ತೊಂಬತ್ತಾರು ಗುಳಿಯ ಪುಟ್ಟ ತಟ್ಟೆ.
ಲಸಿಕೆ ಒಂದೇ ಹೋದ ಸಾಲು ನಿಂಬೆಹಣ್ಣಿನ ತೆಳು ಬಣ್ಣ,
ಪೊರೆ ಸೇರಿದ ಸಾಲು ಮದುಮಗಳ ಕೆನ್ನೆಯ ಅರಿಶಿನ.
ಇನ್ನೂ ಎರಡು ಸಲ ಮಾಡಬೇಕು, ಅಂದರು ಮೇಡಂ,
ನಂಬುವುದಕ್ಕೆ.
ಆ ತಟ್ಟೆ ತೊಳೆಯುವಂಥದ್ದಲ್ಲ, ಬಿಸಾಡುವಂಥದ್ದು.
ಬಿಸಾಡುವ ಮುಂಚೆ ಕಿಟಕಿಗೆ ಹಿಡಿದೆ.

ಪೊರೆ ಅಂದರೆ ಕಾಪಾಡು ಅಂತಲೂ ಇದೆಯಂತೆ,
ಹಳೆಯ ಪದ್ಯ ಓದಿಸುತ್ತಾ ಕುಂಸಿಯ ಮೇಷ್ಟ್ರು ಹೇಳಿದ್ದರು.
ಅವ್ವನಿಗೆ ಅದು ಗೊತ್ತಿರಲಿಲ್ಲ.
ಆದರೂ ಆ ಚರ್ಮ ಸುಡಲು ಬಿಡದೆ
ರೈಲ್ವೆ ಟೈಂಟೇಬಲ್ಲಿನ ಹಾಳೆಗಳ ನಡುವೆ ಇಟ್ಟಿದ್ದಳು.

ಸಂಜೆ ಬಸ್ಸಿನಲ್ಲಿ ಗುತ್ಯಪ್ಪ ಮಾವ ಸಿಕ್ಕ.
ಹೋದ ಮಳೆಗಾಲ ಅವನ ಎರಡೂ ಎಮ್ಮೆ
ಗಂಟಲು ಬಾತು ಒಂದೇ ದಿನದಲ್ಲಿ ಹೋದವು.
"ನಿಮ್ಮ ಕಾಲೇಜಿನ ಹೊಸ ಸೂಜಿ ಎಲ್ಲಿಗೆ ಬಂತು?"
ಇನ್ನೂ ಇಲಿಯಲ್ಲಿದೆ ಮಾವ, ಅಂದೆ.
"ಇಲಿಗೇನಾಗಿದೆ, ಚೆನ್ನಾಗೇ ಇದ್ದಾವಲ್ಲ" ಅಂದ,
ಸೀಟಿನಲ್ಲಿ ಸರಿದು ನನಗೆ ಜಾಗ ಮಾಡಿದ.