ಒಂದು ವಾರ ಊರಲ್ಲಿರಲಿಲ್ಲ, ಅಷ್ಟೇ

ಹೋಗುವಾಗ ಬೆರಳಷ್ಟಿದ್ದವು,
ತುದಿಯಲ್ಲಿ ಹಳದಿ ಹೂವಿನ ಟೋಪಿ.
ಬರುವಾಗ ತೊಡೆಯಷ್ಟು.
ಎಲೆ ಎತ್ತಿದರೆ ಒಂದು, ಮಗ್ಗುಲಲ್ಲಿ ಇನ್ನೊಂದು,
ಗೊಬ್ಬರದ ಗುಡ್ಡೆಗೆ ತಲೆಯಿಟ್ಟು ಮೂರನೆಯದು,
ನಡುಮಧ್ಯಾಹ್ನ ಕುಡಿದು ಬಿದ್ದವನ ಹಾಗೆ.
ಈ ನಾರ್ತಂಬರ್ಲೆಂಡಿನ ಮಳೆಗೆ ಲಂಗುಲಗಾಮಿಲ್ಲ,
ಆಗಸ್ಟಿನ ಬೆಳಕಿಗೆ ರಾತ್ರಿ ಎಂಟೂವರೆಯಾದರೂ
ಮನೆಗೆ ಹೋಗುವ ಮನಸ್ಸಿಲ್ಲ.

ಎಳೆಯದಿದ್ದಾಗ ಕೂರ್ಜೆಟ್ ಎಂಬ ನಾಜೂಕು ಹೆಸರು,
ಬಲಿತೊಡನೆ ಮ್ಯಾರೋ.
ಬೇರು ಒಂದೇ. ನಡುವೆ ಒಂದು ವಾರ,
ಮತ್ತು ಹಾರ್ಟಲ್‌ಪೂಲಿನಲ್ಲಿ ಕಾಲು ಮುರಿದುಕೊಂಡ ನನ್ನ ತಂಗಿ.

ಮುನ್ನೂರು ಮಕ್ಕಳ ಶಾಲೆಯ ಅಡುಗೆಮನೆಯಲ್ಲಿ
ಇಪ್ಪತ್ತಾರು ವರ್ಷ ಸೌಟು ಹಿಡಿದವಳು ನಾನು, ಥರ್ಜಾ ಹೆಡ್ಲಿ.
ತರಕಾರಿಗೆ ಹೆದರಿದವಳಲ್ಲ.
ಆದರೆ ಈಗ ಮನೆಯಲ್ಲಿರುವುದು ಎರಡೇ ಬಾಯಿ,
ಅದರಲ್ಲೊಂದು ಆಂಬ್ರೋಸನದು,
ಹಸಿರು ಕಂಡರೆ ತಾನಾಗಿ ಮುಚ್ಚಿಕೊಳ್ಳುವಂಥದು.

ಮೊದಲು ಉಪ್ಪು.
ಬಲಿತ ಕಾಯಿಯ ಒಳಗೆಲ್ಲ ನೀರು, ನೀರಲ್ಲದ್ದು ಬೀಜ.
ಚಮಚದಿಂದ ಕೆರೆದು ತೆಗೆ,
ಸಿಪ್ಪೆ ಉಗುರಿಗೆ ಬಗ್ಗದಿದ್ದರೆ ಹೆರೆದು ಹಾಕು.
ತುರಿ. ಉಪ್ಪು ಹಚ್ಚಿ ಅರ್ಧ ಗಂಟೆ
ಅದರಷ್ಟಕ್ಕೆ ಅಳಲು ಬಿಡು.
ಆಮೇಲೆ ಬಟ್ಟೆಯಲ್ಲಿ ಕಟ್ಟಿ ಹಿಂಡು;
ಹಿಂಡುವಾಗ ಯಾರನ್ನು ನೆನೆಯುತ್ತೀಯೋ
ಅದು ನಿನಗೆ ಬಿಟ್ಟದ್ದು.
ನಾನು ನೆನೆಯುವುದು ಶಾಲೆಯ ತಪಾಸಣೆಗೆ ಬಂದು
ನನ್ನ ಸಾಸಿಗೆ ಬೆರಳದ್ದುತ್ತಿದ್ದ ಪ್ರಿಂಗಲ್‌ನನ್ನು.
ಮೊಟ್ಟೆ, ಚೆಡ್ಡರ್, ಪುದೀನ, ಒಂದು ಹಿಡಿ ಹಿಟ್ಟು,
ಕಾವಲಿಯ ಮೇಲೆ ತಟ್ಟಿದರೆ ಅಂಚು ಗರಿಗರಿ.
ಸೋಮವಾರ ಮುಗಿಯಿತು. ಕಾಯಿ ಮುಗಿಯಲಿಲ್ಲ.

ಮಂಗಳವಾರ ಸೂಪು.
ಬುಧವಾರ ಅದೇ ಸೂಪು, ಮೆಣಸು ಜಾಸ್ತಿ.
ಗುರುವಾರ ದೋಣಿಯ ಹಾಗೆ ಸೀಳಿ
ಕೊಚ್ಚಿದ ಕುರಿಮಾಂಸ ತುಂಬಿ ದಾರ ಬಿಗಿದು ಓವನ್ನಿಗಿಟ್ಟೆ.
ಆಂಬ್ರೋಸ್ ಪ್ರಯಾಣಿಕರನ್ನೆಲ್ಲ ತಿಂದು
ದೋಣಿಯನ್ನು ತಟ್ಟೆಯಲ್ಲೇ ಬಿಟ್ಟೆದ್ದ.
ಶುಕ್ರವಾರ ಕೋಕೋ ಬೆರೆಸಿ ಕೇಕು ಮಾಡಿದೆ,
ಒಳಗೇನಿದೆ ಹೇಳಲಿಲ್ಲ. ಮೂರು ತುಂಡು ತಿಂದ.
ಇವತ್ತಿಗೂ ಹೇಳಿಲ್ಲ. ನೀನೂ ಹೇಳಬೇಡ.

ಹಂಚೋಣವೆಂದರೆ ಬೀದಿಗೆ ಬೀದಿಯೇ ಬೆಳೆದು ಕೂತಿದೆ.
ಕತ್ತಲಾದ ಮೇಲೆ ಡಾಡ್ಸರ ಬಾಗಿಲಲ್ಲಿ ಎರಡು ಮಲಗಿಸಿ ಬಂದೆ,
ಗಂಟೆ ಒತ್ತದೆ, ತುದಿಗಾಲಲ್ಲಿ, ಅರವತ್ತೆಂಟರ ಮಂಡಿಯಲ್ಲಿ.
ಬೆಳಗ್ಗೆ ನಮ್ಮ ಬಾಗಿಲಲ್ಲಿ ಮೂರು.
ಎರಡು ನನ್ನವೇ, ಗುರುತು ಸಿಕ್ಕಿತು.

ಪಕ್ಕದ ತುಂಡುನೆಲದ ಆಸ್ಬರ್ಟ್, ನಿವೃತ್ತ ಪೋಸ್ಟ್‌ಮ್ಯಾನ್,
ಅವನದೇ ಬೇರೆ ದಾರಿ:
ತಲೆ ಕೊಯ್ದು, ಹೊಟ್ಟೆ ಬಗೆದು,
ಕಂದು ಸಕ್ಕರೆ ಗಿಡಿದು, ಚೂರು ಈಸ್ಟ್ ಉದುರಿಸಿ,
ಅದೇ ತಲೆಯನ್ನು ಮುಚ್ಚಳ ಮಾಡಿ
ಹೆಂಡತಿಯ ಹಳೆಯ ಕಾಲುಚೀಲದಲ್ಲಿ ಷೆಡ್ಡಿನ ತೊಲೆಗೆ ತೂಗುಬಿಡುತ್ತಾನೆ,
ಕೆಳಗೊಂದು ಜಗ್ಗು.
ತೊಟ್ಟು ತೊಟ್ಟಾಗಿ ಇಳಿಯುವುದು ರಮ್ ಅಂತೆ.
ಹೋದ ವರ್ಷದ್ದು ಕುಡಿದು ನೋಡಿದೆ.
ರಮ್ ಅಲ್ಲ.
ಎರಡನೇ ಲೋಟ ಬೇಡವೆನ್ನಲೂ ಇಲ್ಲ.

ಉಳಿದದ್ದು ಶನಿವಾರ ಚಟ್ನಿಯಾಯಿತು,
ವಿನೆಗರ್ ಘಾಟಿಗೆ ಬೆಕ್ಕು ಮನೆ ಬಿಟ್ಟಿತು.

ಒಂದು ಮಾತ್ರ ಕಿಟಕಿಕಟ್ಟೆಯ ಮೇಲಿದೆ.
ನಾನು ಹೊರಡುವ ಹಿಂದಿನ ಸಂಜೆ ಮೊಮ್ಮಗ ಲೌರಿ
ಎಳೆಗಾಯಿಯ ಮೈಮೇಲೆ ನನ್ನ ಹೇರ್‌ಪಿನ್ನಿನಿಂದ
ತನ್ನ ಹೆಸರು ಗೀರಿ ಹೋಗಿದ್ದ, ಇರುವೆಯಷ್ಟು ಅಕ್ಷರ.
ಗೀರು ಮಾಯುತ್ತ ಮಾಯುತ್ತ ಕಾಯಿಯೊಡನೆ ಹಿಗ್ಗಿದೆ,
ಈಗ ಒಂದೊಂದು ಅಕ್ಷರಕ್ಕೂ ನನ್ನ ಮೂರು ಬೆರಳು ಬೇಕು,
ಕೊನೆಯದರ ಬಾಲ ಬೆನ್ನ ಕಡೆ ಸುತ್ತಿಕೊಂಡಿದೆ.
ಬರೆದವನಿಗೆ ಇನ್ನೂ ಮೇಲಿನ ಕಪಾಟು ಎಟುಕುವುದಿಲ್ಲ.
"ಇದನ್ನೇನು ಮಾಡ್ತೀಯ?" ಎಂದ ಆಂಬ್ರೋಸ್,
ಖಾಲಿ ಕೇಕಿನ ಡಬ್ಬಿ ನೋಡುತ್ತ.
ಚಾಕು ತೆಗೆದುಕೊಂಡೆ. ಒರೆಸಿದೆ. ಒಳಗಿಟ್ಟೆ.

ಬರುವ ವರ್ಷ ಒಂದೇ ಗಿಡ, ಆಣೆ ಇಟ್ಟಿದ್ದೇನೆ.
ಬೀಜ ಒಣಗಿಸಿ ಗ್ಯಾಸ್ ಬಿಲ್ಲಿನ ಲಕೋಟೆಗೆ ಹಾಕಿದೆ.
ಎಣಿಸಿದೆ: ನೂರ ಹನ್ನೊಂದು.