ಕೊನೆಯ ದೃಶ್ಯ

ಮುಯ್ನಾಕಿನ ಶಾಲೆಯ ಗೋಡೆಗೆ ದುಪ್ಪಟಿ ಕಟ್ಟಿ
ಸಿನಿಮಾ ತೋರಿಸಿದರು,
ಲೋಕ ಮುಗಿದುಹೋದ ಮೇಲಿನ ಕಥೆ.
ತೆಗೆದದ್ದು ಇಲ್ಲೇ,
ಕಡಲು ಬಿಟ್ಟುಹೋದ ನಮ್ಮ ಹಡಗುಗಳ ನಡುವೆ;
ಸೆಟ್ಟು ಹಾಕುವ ಖರ್ಚೇ ಇರಲಿಲ್ಲ ಅವರಿಗೆ.

ನನ್ನದು ಹೆಣದ ಪಾತ್ರ. ಎರಡು ದಿನದ ಕೂಲಿ.
ಉಪ್ಪುಗಾಳಿಗೆ ಕೆಮ್ಮು ಬಂದು
ಮೂರು ಸಲ ಸಾಯಬೇಕಾಯಿತು.

ನಾಯಕ ತುಕ್ಕಿನ ಮೇಲಿನ ಇಬ್ಬನಿ ನೆಕ್ಕಿ ಬದುಕಿದ,
ತನ್ನದೇ ನಾಯಿಯನ್ನು ತಿಂದ,
ಯಾರದೋ ಮಗುವನ್ನು ಹೊತ್ತ.
ಅಲ್ಲಿಯ ತನಕ ಉಸಿರು ಬಿಗಿಹಿಡಿದು ನೋಡಿದೆವು.
ಆಮೇಲೆ ದಿಬ್ಬ ಹತ್ತಿದ,
ಕೆಳಗೆ ಕಡಲು!
ತುಂಬಿ ತುಳುಕುವ ನೀಲಿ. ಪಿಟೀಲು ಬೇರೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ.
ಬಿಬಿಸಾರಾ ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳಿ
"ಇಷ್ಟೇನಾ?" ಅಂದಳು.
ಹಳೆಯ ಮೀನುಗಾರ ಒತೆನಿಯಾಜ್ ಮಾತ್ರ ಎದ್ದು
ದುಪ್ಪಟಿಯ ಹತ್ತಿರ ಹೋಗಿ
ಕಣ್ಣು ಕಿರಿದು ಮಾಡಿ ನೋಡಿದ:
"ಇದು ನಮ್ಮದಲ್ಲ. ನಮ್ಮದರ ಅಲೆ ಗಿಡ್ಡ."

ಹೆಸರುಗಳು ಉರುಳಿದವು. ನನ್ನದಿರಲಿಲ್ಲ.
ಅವನು ಇನ್ನೂ ಅಲ್ಲೇ ನಿಂತಿದ್ದ,
ಬೆನ್ನ ಮೇಲೆ ಗುರುತಿಲ್ಲದವರ ಹೆಸರು ಹತ್ತುತ್ತಿರಲು,
ಬೂಟು ಕಳಚಿ ಪಕ್ಕಕ್ಕಿಟ್ಟು
ಷರಾಯಿಯನ್ನು ಮೊಣಕಾಲತನಕ ಮಡಚಿಕೊಂಡು.